ಕೆಟ್ಟದ್ದನ್ನು ಮೊದಲು ಆರಿಸಿದ ಪರೀಕ್ಷೆ

ಎಂಬಿಎ ಸೀಟು ಹಂಚಿಕೆಯ ಪಟ್ಟಿ ಬಂದ ದಿನ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ, ಯಾರೂ ಸಿಹಿಯನ್ನೂ ಹಂಚಲಿಲ್ಲ. ಪ್ರವೇಶ ಪರೀಕ್ಷೆಯಲ್ಲಿ ನಾನು ತೆಗೆದದ್ದು ಅಂಥ ಅಂಕ. ಮೈಸೂರಿನ ಒಂದು ಸಾಧಾರಣ ಕಾಲೇಜಿನಲ್ಲಿ ಸೀಟು ಸಿಕ್ಕಿತು; ಡಿಗ್ರಿ ಓದುವಾಗಿನಿಂದ ಕನಸು ಕಂಡಿದ್ದ ದೊಡ್ಡ ಕಾಲೇಜು ಕೈತಪ್ಪಿತು. ಶುಕ್ರವಾರದೊಳಗೆ ಸಿಕ್ಕ ಸೀಟಿಗೆ ಒಪ್ಪಿಗೆ ಕೊಡಬೇಕು, ಇಲ್ಲವೇ ಅದನ್ನು ಬಿಟ್ಟು ಮುಂದಿನ ವರ್ಷ ಮತ್ತೆ ಪರೀಕ್ಷೆ ಬರೆಯಬೇಕು. ನನ್ನ ಹತ್ತಿರ ಐದು ದಿನವಿತ್ತು. ಸಲಹೆ ಕೊಡುವವರಿಗೇನೂ ಬರವಿರಲಿಲ್ಲ.

ಯಳಂದೂರಿನ ಸೋದರಮಾವ ಬ್ಯಾಂಕಿನಲ್ಲಿ ಕೆಲಸದಲ್ಲಿರುವವರು. ಮನೆಗೆ ಇಂಗ್ಲಿಷಿನ ಕಾಗದ ಏನೇ ಬಂದರೂ ಅವರದೇ ಕೊನೇ ಮಾತು. "ಇನ್ನೊಂದ್ ಸಲ ಬರಿಯವ್ವ. ಒಂದ್ ವರ್ಸ ಓದುದ್ರೆ ಗಂಟೇನ್ ಓಯ್ತದೆ?" ಎಂದು ಫೋನಿನಲ್ಲೇ ತೀರ್ಪು ಕೊಟ್ಟರು. ಅವ್ವ ಅವರ ಅಕ್ಕ. ಆ ಒಂದು ಕಾರಣಕ್ಕೇ ತಮ್ಮನ ಮಾತು ಕೇಳುವವಳಲ್ಲ. "ಬಂದಿರೋ ಸೀಟ ಬುಟ್ಟು ಯಾವ್ ಸೀಟ್ಗೆ ಕಾಯ್ತೀಯೆ? ಸುಮ್ಕೆ ಓಗಿ ಸೇರ್ಕೊ" ಎಂದಳು. ಮಧುವನಹಳ್ಳಿಯ ನಮ್ಮ ಮನೆಯಲ್ಲಿ ಆ ವಾರ ರೇಷ್ಮೆಗೂಡು ಬಿಡಿಸುವ ಕೆಲಸ. ಅಪ್ಪನಿಗೆ ಸಲಹೆ ಕೊಡಲು ಪುರುಸೊತ್ತೂ ಇರಲಿಲ್ಲ.

"ಪೇಪರ್ ಕಷ್ಟ ಇತ್ತು" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಅದು ಶುದ್ಧ ಸುಳ್ಳು. ನಿಜ ಹೇಳಲು ನಾಚಿಕೆಯಾಗುತ್ತಿತ್ತು.

ಮಂಗಳವಾರ ಮಧ್ಯಾಹ್ನ ಅಪ್ಪನೂ ನಾನೂ ಗೂಡಿನ ರಾಶಿ ಮುಂದಿಟ್ಟುಕೊಂಡು ಕೂತಿದ್ದೆವು. ಮಾರನೇ ದಿನ ಕೊಳ್ಳೇಗಾಲದ ಮಾರುಕಟ್ಟೆಗೆ ಒಯ್ಯಬೇಕು. ಅದಕ್ಕೆ ಮೊದಲು ಕಲೆ ಬಿದ್ದದ್ದು, ಜೊಳ್ಳು, ಎರಡು ಹುಳ ಸೇರಿ ಕಟ್ಟಿದ್ದು, ಎಲ್ಲವನ್ನೂ ಆರಿಸಿ ತೆಗೆಯಬೇಕು. ಒಳ್ಳೆಯದನ್ನು ಮುಟ್ಟುವಂತಿಲ್ಲ, ಅದು ತಾನಾಗಿ ಉಳಿಯುತ್ತದೆ. ನಾನು ಆರು ವರ್ಷದವಳಿದ್ದಾಗಿನಿಂದ ಅಪ್ಪ ಕೂರಿಸಿ ಕಲಿಸಿದ ಪಾಠ ಇದೊಂದೇ: ಕೆಟ್ಟದ್ದನ್ನು ಮೊದಲು ಆರಿಸು.

"ಪರೀಕ್ಸೇಲಿ ಎಸ್ಟ್ ಬುಟ್ಟೆ ಮಗಾ?" ರಾಶಿಯಿಂದ ತಲೆ ಎತ್ತದೆ ಕೇಳಿದ.

ಬಾಯಿ ತಪ್ಪಿ ನಿಜ ಬಂದುಬಿಟ್ಟಿತು. "ಇಪ್ಪತ್ತು. ಎಲ್ಲಾ ಸುಲಭದ್ದೇಯ."

"ಸುಲಭದ್ದ ಯಾಕವ್ವ ಬುಟ್ಟೆ?"

ಹೇಳಿದೆ. ಕಂಪ್ಯೂಟರಿನ ಮುಂದೆ ಕೂತು ಮೊದಲು ಎಲ್ಲ ಪ್ರಶ್ನೆಗಳ ಮೇಲೂ ಕಣ್ಣಾಡಿಸಿದೆ. ಕೈ ತನ್ನ ಪಾಡಿಗೆ ತಾನು ಕೆಟ್ಟವನ್ನು ಆರಿಸಿಕೊಂಡಿತು. ರೈಲಿನ ಲೆಕ್ಕ, ನಲ್ಲಿ ತೊಟ್ಟಿಯ ಲೆಕ್ಕ, ಎಂಟು ಜನ ದುಂಡುಮೇಜಿನ ಸುತ್ತ ಯಾರ ಪಕ್ಕ ಯಾರು ಕೂತರೆಂಬ ತಲೆನೋವು. ಇವನ್ನು ಮುಗಿಸಿದರೆ ಒಳ್ಳೆಯವು ಹೇಗೂ ಉಳಿದಿರುತ್ತವೆ ಎಂದು ಗುದ್ದಾಡಿದೆ. ಒಳ್ಳೆಯವು ಉಳಿದೇ ಇದ್ದವು, ಹೊತ್ತು ಮುಗಿದು ಪರೀಕ್ಷೆ ಮುಚ್ಚಿಕೊಂಡಿತು.

ಅಪ್ಪ ನಕ್ಕ. ಅಡುಗೆಮನೆಯಿಂದ ಬಂದು ಕೇಳಿಸಿಕೊಂಡ ಅವ್ವ ಬಿದ್ದು ಬಿದ್ದು ನಕ್ಕಳು. ಆಮೇಲೆ ಅಪ್ಪನ ನಗು ನಿಂತಿತು. "ನಾನ್ ಕಲಿಸಿದ್ದಲ್ವಾ ಅದು" ಎಂದ.

ಅಲ್ಲಿಂದ ಶುರುವಾಯಿತು ನೋಡಿ ಪೀಕಲಾಟ. ಬುಧವಾರ ಗೂಡು ಮಾರಲು ಹೋದವನು, ಮಗಳ ಪರೀಕ್ಷೆಯನ್ನು ತಾನೇ ಕೆಡಿಸಿದೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದ. ಸಂಜೆಗೆ ಹನೂರಿನ ಚಿಕ್ಕಮ್ಮನ ಫೋನು: "ನಿಮ್ಮಪ್ಪನೇ ಕೆಡಿಸ್ಬುಟ್ರಂತೆ, ದಿಟ್ವಾ?" ಊಟಕ್ಕೆ ಕೂತಾಗ ಅಪ್ಪ ಮೈಸೂರಿನಲ್ಲಿ ಕೋಚಿಂಗಿಗೆ ಸೇರಿಸುತ್ತೇನೆಂದ. "ಮತ್ತೆ ಬರಿ. ಬುದ್ಧಿ ಅದೆ ನಿಂಗೆ. ನನ್ನಿಂದ ಎಡವಟ್ಟಾಯ್ತು." ಅವ್ವ ಕೂಡ ಈಗ ಮಾವನ ಪಕ್ಷ. ಎಲ್ಲರೂ ಒಪ್ಪಿದ ಮೇಲೆ ನನಗೆ ಖುಷಿಯಾಗಬೇಕಿತ್ತು, ಆದದ್ದು ಭಯ. ಸುಲಭದ್ದನ್ನು ಮೊದಲು ಮಾಡಿಯೂ ಇಷ್ಟೇ ಬಂದರೆ? ಆಗ ಹೇಳಿಕೊಳ್ಳಲು ಒಂದು ನೆಪವೂ ಇರುವುದಿಲ್ಲ.

ಗುರುವಾರ ಬೆಳಿಗ್ಗೆ ಹಿಂದಿನ ವರ್ಷದ ಪ್ರಶ್ನೆಪತ್ರಿಕೆ ಹಿಡಿದು ಹುಳದ ಮನೆಯಲ್ಲಿ ಕೂತೆ. ಬೆಳೆ ಮುಗಿದು ಅದು ಖಾಲಿಯಾಗಿತ್ತು. ಅವ್ವ ಫೋನಿನಲ್ಲಿ ಎರಡು ಗಂಟೆ ಕಳೆದ ಮೇಲೆ ಹೊಡೆಯುವಂತೆ ಅಲಾರಂ ಇಟ್ಟು, ಬಾಗಿಲಲ್ಲಿ ಕೀರೆಸೊಪ್ಪು ಸೋಸುತ್ತಾ ಕಾವಲು ಕೂತಳು. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಅಲಾರಂ ಹೊಡೆದ ಮೇಲೆ ಉತ್ತರ ತಾಳೆ ನೋಡಿದೆ. ನಾನು ಸುಲಭ ಎಂದುಕೊಂಡಿದ್ದರಲ್ಲಿ ಅರ್ಧ ತಪ್ಪಾಗಿತ್ತು. ಕಷ್ಟದ್ದಕ್ಕೆ ಹೊತ್ತು ಸಾಲಲಿಲ್ಲ. ಮೊದಲಿಗಿಂತ ಎರಡೇ ಎರಡು ಅಂಕ ಹೆಚ್ಚು.

"ಎಸ್ಟ್ ಬಂತು?" ಎಂದಳು ಅವ್ವ. ಆಮೇಲೆ ಹೇಳುತ್ತೇನೆಂದು ಗೋಡೆಗೆ ಮುಖ ಮಾಡಿ ಅತ್ತೆ. ಈ ಅಂಕದ ಮಾತು ಬಾಯಿಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಇಡೀ ವರ್ಷ ನಾನು ಜಾಣೆ, ತಪ್ಪು ಅಪ್ಪನದು. ಆಸೆಯಾಯಿತು, ಸುಳ್ಳೇಕೆ ಹೇಳಲಿ.

ಕಣ್ಣೊರೆಸಿಕೊಂಡು ಹಿಪ್ಪುನೇರಳೆ ತೋಟಕ್ಕೆ ಹೋದೆ. ಅಪ್ಪ ಕಡ್ಡಿ ಕತ್ತರಿಸುತ್ತಿದ್ದ. "ಅಪ್ಪ, ಸುಲಭದ್ದ ಮೊದ್ಲು ಮಾಡುದ್ರೂ ಅಸ್ಟೇ ಬಂತು. ನಂಗೆ ಬರೋದೇ ಅಸ್ಟು ಕಣಪ್ಪ. ಸೀಟು ಸಿಕ್ಕಿರೋ ಕಾಲೇಜ್ಗೇ ಓಯ್ತೀನಿ."

ಅಪ್ಪ ಕುಡುಗೋಲು ಕೆಳಗಿಟ್ಟ. ಏನೋ ಸಮಾಧಾನ ಹೇಳುತ್ತಾನೆಂದು ಕಾದು ನಿಂತೆ.

"ಅಂಗಾರೆ ನಂದೇನೂ ತಪ್ಪಿಲ್ವಾ?" ಎಂದ.

"ಇಲ್ಲ ಕಣಪ್ಪ."

ಎರಡು ದಿನದಿಂದ ಬಾಡಿದ್ದ ಆ ಮುಖ ಅರಳಿದ್ದನ್ನು ನೋಡಿ ನನಗೆ ಸಿಟ್ಟೂ ಬಂತು, ನಗುವೂ ಬಂತು. ಅವನು ಆಗಲೇ ಹನೂರಿಗೆ ಫೋನು ಹಚ್ಚುತ್ತಿದ್ದ. ನಾನು ಬದುವಿನ ಮೇಲೆ ಕೂತು, ನನ್ನ ಫೋನು ತೆಗೆದು, ಸೀಟಿಗೆ ಒಪ್ಪಿಗೆ ಒತ್ತಿದೆ.