ಬೆಳಕು ತಗ್ಗಿಸುವ ಯಜಮಾನರು

ಮನೆಗೆಲ್ಲ ಕರೆಂಟು ಉಳಿಸುವ ಬಲ್ಬು ಹಾಕಿಸಿದರೂ ಈ ಯಜಮಾನರಿಗೆ ಸಮಾಧಾನವಿಲ್ಲ. ತಿರುಗಿಸಿ ಬೆಳಕು ತಗ್ಗಿಸುವ ಡಿಮ್ಮರ್ ಸ್ವಿಚ್ಚೂ ಕೋಣೆಗೊಂದು ಬೇಕು. "ತಗ್ಗಿಸಿದ್ರೆ ಮಿಣುಕಬಾರದು, ಅಂಥ ಬಲ್ಬೇ ಕೊಡಪ್ಪ" ಎಂದು ಅಂಗಡಿಯವನ ತಲೆ ತಿಂದು ತಂದವರು. ಉಣ್ಣುವುದಕ್ಕೆ ಇಷ್ಟು ಬೆಳಕು, ಟಿವಿಗೆ ಅದರರ್ಧ. ಬಂದ ನೆಂಟರು ಮಾತು ಮುಗಿಸುವಷ್ಟರಲ್ಲಿ ಅವರ ಮುಖವೇ ಮಸುಕಾಗಿರುತ್ತದೆ. "ಮಾತಾಡೋಕೆ ಬೆಳಕು ಯಾಕ್ರೀ?" ಎನ್ನುತ್ತಾರೆ ಯಜಮಾನರು. ಹೆಂಡತಿ ಹೊಲಿಗೆಗೆ ಕೂತಾಗ ಮಾತ್ರ ಸ್ವಿಚ್ಚಿನ ಪಕ್ಕದಿಂದ ಕದಲುವುದಿಲ್ಲ. ಸೂಜಿಗೆ ದಾರ ಪೋಣಿಸಲಾಗದೆ ಆಕೆ, "ಮತ್ತೆ ತಗ್ಗಿಸಿದ್ರಾ? ಏನು ಜಿಪುಣತನಾನೋ" ಎಂದು ಗದರುತ್ತಾಳೆ. "ಹೂಂ ಕಣೇ, ಈ ಕೈ ಸುಮ್ಮನಿರಲ್ಲ" ಎಂದು ತಪ್ಪೊಪ್ಪಿಕೊಂಡು ಯಜಮಾನರು ಸ್ವಿಚ್ಚು ತಿರುಗಿಸಿದಂತೆ ಮಾಡುತ್ತಾರೆ. ಆ ಕೋಣೆಯ ಸ್ವಿಚ್ಚು ಎಷ್ಟೋ ತಿಂಗಳಿಂದ ಪೂರ್ತಿ ಬೆಳಕಿಗೇ ತಿರುಗಿ ನಿಂತಿದೆ. ಇನ್ನು ತಿರುಗಲು ಅದಕ್ಕೆ ಜಾಗವಿಲ್ಲ.