ಕಾಲು ಮುಂದಾಗಿ ಹುಟ್ಟಿದವಳ ಊರಿಗೆ

ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಎಂಟಕ್ಕೆ ಶಿವಮೊಗ್ಗದ ಬಸ್ಸು ಹತ್ತಿದಾಗ ನನ್ನ ಒಂದು ಕೈಯಲ್ಲಿ ಎಕ್ಸ್‌ರೇ ಲಕೋಟೆ, ಇನ್ನೊಂದು ಕೈಯಲ್ಲಿ ದಿಂಬು ಇತ್ತು. ಬಟ್ಟೆಯ ಚೀಲವನ್ನು ನನಗೆ ಎತ್ತಲು ಬಿಡದೆ ಹೆಂಡತಿ ವನಜ ತಾನೇ ಹತ್ತಿ ಸೀಟಿನ ಮೇಲಿಟ್ಟು ಇಳಿದಳು. ಕಂಡಕ್ಟರು ದಿಂಬು ನೋಡಿ, "ತರೀಕೆರೆ ಇಲ್ಲೇ ಸಾರ್, ಅಷ್ಟ್ರಲ್ಲಿ ಏನ್ ನಿದ್ದೆ ಆಗುತ್ತೆ?" ಅಂದ. ಅದು ನಿದ್ದೆಗಲ್ಲ, ಸೊಂಟಕ್ಕೆ ಎಂದು ನಾನು ವಿವರಿಸುವ ಹೊತ್ತಿಗೆ ಅವನು ಹಿಂದಿನ ಸೀಟಿಗೆ ಹೋಗಿಯಾಗಿತ್ತು. ಬಸ್ಸಿನಲ್ಲಿ ಮುಕ್ಕಾಲು ಪಾಲು ಹೆಂಗಸರು, ಟಿಕೆಟ್ಟಿನ ಚಿಂತೆಯಿಲ್ಲದೆ ನಗುನಗುತ್ತ ಕೂತಿದ್ದರು. ನನಗೆ ಐವತ್ತರ ಒಂದು ನೋಟು ಮುರಿಯಿತು.

ನಾನು ಇಪ್ಪತ್ತಾರು ವರ್ಷದಿಂದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಊರವರ ಖಾತೆ, ಪಹಣಿ, ತಕರಾರು ಅರ್ಜಿ ಎಲ್ಲ ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ. ಮೊದಲು ಕಾಗದವಾದರೂ ಇತ್ತು, ಕಪಾಟಿನವರೆಗೆ ಎದ್ದು ಹೋಗಬೇಕಿತ್ತು. ಈಗ ಎಲ್ಲ ಕಂಪ್ಯೂಟರಿನಲ್ಲೇ ಇರುವುದರಿಂದ ಊಟಕ್ಕೆ ಬಿಟ್ಟರೆ ಏಳುವ ಪ್ರಮೇಯವೇ ಇಲ್ಲ. ಮೂರು ತಿಂಗಳಿಂದ ಸೊಂಟ ಹಿಡಿದುಕೊಂಡಿದೆ. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರೆ ಅಲ್ಲೇ ನಿಂತುಬಿಡುತ್ತೇನೆ, ಯಾರಾದರೂ ಬಂದು ಎತ್ತಬೇಕು. ಮುಲಾಮು, ಬಿಸಿನೀರಿನ ಶಾಖ, ಮಾತ್ರೆ ಯಾವುದಕ್ಕೂ ಅದು ಜಗ್ಗಲಿಲ್ಲ.

ತರೀಕೆರೆಯಲ್ಲಿ ಒಳ್ಳೆಯ ಫಿಸಿಯೋಥೆರಪಿ ಡಾಕ್ಟರಿದ್ದಾರೆ, ಅಲ್ಲಿಗೆ ಹೋಗಿ ಎಂದವಳು ವನಜ. ಅಲ್ಲಿಂದ ಮುಂದೆ ಶಿವನಿ ಎಂಬ ಊರಿಗೆ, ತಂಗಿ ಸರೋಜಳ ಮನೆಗೆ ಹೋಗಬೇಕೆಂದು ನಿಶ್ಚಯಿಸಿದವನು ನಾನು. ಸರೋಜ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ನೋವಿರುವ ಸೊಂಟಕ್ಕೆ ಮೂರು ಸಲ ಪಾದ ತಾಕಿಸಿದರೆ ಹಿಡಿತ ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅದಕ್ಕೆ ಕಟ್ಟಳೆಯೂ ಉಂಟು. ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿರಬೇಕು, ಹೊಸ್ತಿಲ ಮುಂದೆ ಕವುಚಿ ಮಲಗಬೇಕು, ನೋವಿರುವವರು ಬಾಯಿಬಿಟ್ಟು ಕೇಳಬೇಕು. ಕೇಳದೆ ಕಾಲು ಹಾಕುವಂತಿಲ್ಲ. ಚಿಕ್ಕಂದಿನಲ್ಲಿ ಸರೋಜಳನ್ನು ಹುಡುಕಿಕೊಂಡು ಸುತ್ತಲ ಊರಿನವರು ಬರುತ್ತಿದ್ದರು. ಅವಳು ಲಂಗ ಎತ್ತಿಕಟ್ಟಿಕೊಂಡು ಅಜ್ಜಂದಿರ ಬೆನ್ನಿನ ಮೇಲೆ ಪಾದವಿಟ್ಟು, ಕೊಟ್ಟ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು ಆಟಕ್ಕೆ ಓಡುತ್ತಿದ್ದಳು.

ಅದನ್ನು ನಿಲ್ಲಿಸಿದವನು ನಾನೇ. ನನಗೆ ಹದಿನಾರು, ಅವಳಿಗೆ ಹತ್ತು. ತೆಂಗಿನಕಾಯಿ ಮೂಟೆ ಹೊತ್ತು ನನ್ನ ಸೊಂಟ ಉಳುಕಿತ್ತು. ಅಜ್ಜಿ ಸರೋಜಳನ್ನು ಕರೆದು ಕಾಲು ಹಾಕು ಅಂದಳು. ಸರೋಜಳನ್ನು ಹೆತ್ತ ಕೆಲವೇ ದಿನಕ್ಕೆ ನಮ್ಮ ಅಮ್ಮ ತೀರಿಕೊಂಡಿದ್ದಳು. ಆ ಸಿಟ್ಟು ಹತ್ತು ವರ್ಷ ನನ್ನೊಳಗೆ ಎಲ್ಲಿ ಅಡಗಿತ್ತೋ, ಅಂಗಳದಲ್ಲಿ ನಾಲ್ಕು ಜನರೆದುರು, "ಅಮ್ಮನ್ನ ಒದ್ದು ಸಾಯಿಸಿದ ಕಾಲು ಅದು, ನನ್ನ ಮೈಗೆ ತಾಕಿಸ್ಬೇಡ" ಎಂದು ಕೂಗಿದೆ. ಅವಳು ಅಳಲಿಲ್ಲ. ಅವತ್ತಿನಿಂದ ಯಾರ ಬೆನ್ನಿಗೂ ಕಾಲಿಡಲಿಲ್ಲ, ಅಷ್ಟೆ. ಆಮೇಲೆ ನಾನೇ ನಿಂತು ಅವಳ ಮದುವೆ ಮಾಡಿದೆ, ಗೌರಿ ಹಬ್ಬಕ್ಕೆ ತಪ್ಪದೆ ಬಾಗಿನ ಕಳಿಸಿದೆ. ನಮ್ಮಿಬ್ಬರ ನಡುವೆ ಎಲ್ಲ ಮಾತೂ ಇದೆ, ಅದೊಂದರ ವಿಷಯ ಬಿಟ್ಟು. ಈಗ ಅವಳ ಎದುರು ಮಲಗಿ ಕೇಳಬೇಕು, ಅವಳು ಒಪ್ಪುತ್ತಾಳೋ ಇಲ್ಲವೋ ನೋಡಬೇಕು ಎಂದೇ ನಾನು ಹೊರಟಿದ್ದೆ. ಸೊಂಟಕ್ಕಿಂತ ಅದೇ ಹೆಚ್ಚು ನೋಯುತ್ತಿತ್ತು.

ಮಾರ್ಗಶಿರದ ಚಳಿ. ಬೀರೂರು ದಾಟುವವರೆಗೂ ಕಿಟಕಿಯ ಗಾಜಿನ ಮೇಲೆ ಮಂಜು ಕೂತಿತ್ತು. ರಸ್ತೆ ಉಬ್ಬು ಬಂದಾಗಲೆಲ್ಲ ಮುಂದಿನ ಸೀಟಿನ ಕಂಬಿ ಹಿಡಿದು ಅರ್ಧ ಎದ್ದು ನಿಲ್ಲುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೊದಮೊದಲು ನಾನು ಇಳಿಯುತ್ತೇನೆಂದು ಕಾಲು ಸರಿಸಿ ದಾರಿ ಬಿಟ್ಟಳು. ನಾಲ್ಕನೆಯ ಉಬ್ಬಿಗೆ ಅವಳಿಗೆ ಅರ್ಥವಾಯಿತು. ಆಮೇಲೆ ಉಬ್ಬು ದೂರದಲ್ಲಿ ಕಾಣುತ್ತಲೇ, "ಬಂತು ಕಣ್ರೀ, ಏಳಿ" ಎಂದು ತಾನೇ ಎಚ್ಚರಿಸಿದಳು. ತರೀಕೆರೆಯವರೆಗೂ ಹೀಗೇ ಸಾಗಿತು.

ತರೀಕೆರೆಯ ಡಾಕ್ಟರಮ್ಮ ನನ್ನ ಮಗಳಷ್ಟು ವಯಸ್ಸಿನವರು. ಎಕ್ಸ್‌ರೇ ನೋಡಿದರು, ಬಗ್ಗಿಸಿದರು, ಮಲಗಿಸಿ ಒಂದೊಂದೇ ಕಾಲು ಎತ್ತಿಸಿದರು. "ಮೂಳೆಗೆ ಏನೂ ಆಗಿಲ್ಲ ಸಾರ್. ಕೂತು ಕೂತು ಮಾಂಸಖಂಡ ಬಿಗಿದುಕೊಂಡಿದೆ. ದಿನಕ್ಕೆ ಎಷ್ಟು ಹೊತ್ತು ಕೂತಿರ್ತೀರಾ?" ಎಂದು ಕೇಳಿದರು. ಲೆಕ್ಕ ಹಾಕಿ ಹೇಳಿದೆ. "ಅರ್ಧ ಗಂಟೆಗೊಂದು ಸಲ ಎದ್ದು ಓಡಾಡಿ" ಎಂದರು. "ಅರ್ಧ ಗಂಟೆಗೊಮ್ಮೆ ಎದ್ದರೆ ಗುಮಾಸ್ತ ಸೀಟಲ್ಲೇ ಇರಲ್ಲ ಅಂತ ಜನ ಅರ್ಜಿ ಬರೀತಾರೆ ಡಾಕ್ಟ್ರೇ" ಎಂದೆ. ಅವರು ನಗುತ್ತಲೇ ನೆಲದ ಮೇಲೆ ಚಾಪೆ ಹಾಸಿ ನಾಲ್ಕು ವ್ಯಾಯಾಮ ಕಲಿಸಿ, ಚಿತ್ರವಿರುವ ಹಾಳೆ ಕೊಟ್ಟರು.

ಹೊರಡುವಾಗ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. "ಕಾಲು ಮುಂದಾಗಿ ಹುಟ್ಟಿದವರು ಕಾಲು ತಾಕಿಸಿದರೆ ಏನಾದರೂ ತೊಂದರೆಯೇ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಒದೆಯೋದು ಬೇಡ. ಮೆತ್ತಗೆ ಪಾದ ಇಟ್ರೆ ನಂದೇನೂ ತಕರಾರಿಲ್ಲ. ನಮ್ಮಜ್ಜೀನೂ ಹಂಗೇ ಮಾಡಿಸ್ಕೊಳ್ತಿದ್ರು. ಆದ್ರೆ ವ್ಯಾಯಾಮ ಬಿಡ್ಬೇಡಿ."

ಅಲ್ಲೇ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ಕೂತರೆ ಏಳುವುದು ಕಷ್ಟವೆಂದು ನಿಂತುಕೊಂಡೇ ಕಾಫಿ ಕುಡಿದು ಅಜ್ಜಂಪುರದ ಬಸ್ಸು ಹಿಡಿದೆ. ಅಜ್ಜಂಪುರ ಹತ್ತಿರವಾದಂತೆ ಮಣ್ಣಿನ ಬಣ್ಣ ಕಪ್ಪಾಗುತ್ತ ಹೋಯಿತು. ಹೊಲಗಳಲ್ಲಿ ಕಡಲೆ ಗಿಡ ಮೊಳಕಾಲೆತ್ತರ ನಿಂತಿತ್ತು. ಬಿಸಿಲು ಏರಿದ್ದರೂ ಗಾಳಿ ತಣ್ಣಗಿತ್ತು. ಅಜ್ಜಂಪುರದಲ್ಲಿ ಇಳಿದು ಶಿವನಿಯ ಬಸ್ಸಿಗೆ ಒಂದೂವರೆ ಗಂಟೆ ಕಾದೆ. ಕಲ್ಲುಬೆಂಚಿನ ಮೇಲೆ ದಿಂಬು ಒತ್ತಿಕೊಂಡು ಕೂತು, ಸರೋಜಳಿಗೆ ಹೇಗೆ ಕೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿದೆ. ದಿನಕ್ಕೆ ಇಪ್ಪತ್ತು ಜನರ ಅರ್ಜಿ ತಿದ್ದುವ ನನಗೆ ನನ್ನದೊಂದು ಅರ್ಜಿ ಬರೆಯಲಾಗಲಿಲ್ಲ. ಬೇಸರವಾಗಿ ಒಂದು ಪೊಟ್ಟಣ ಮಂಡಕ್ಕಿ ತಿಂದೆ.

ಶಿವನಿಯಲ್ಲಿ ಸರೋಜ ಬಾಗಿಲಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಕೂತಿದ್ದಳು. ಊರಿನ ಹೆಂಗಸರ ಕುಪ್ಪಸಗಳೆಲ್ಲ ಅವಳ ಕೈಯಲ್ಲೇ ಆಗುವುದು. ನನ್ನನ್ನು ಕಂಡು ಮೆಷಿನ್ನಿನ ಪೆಡಲಿನಿಂದ ಕಾಲು ತೆಗೆದಳು.

"ಏನಣ್ಣ, ಫೋನೂ ಮಾಡ್ದೆ ಬಂದ್ಬಿಟ್ಟೆ! ಅತ್ತಿಗೆ ಹುಷಾರಾಗಿದಾರಾ? ಇದ್ಯಾಕೆ ಹಿಂಗ್ ವಾಲ್ಕೊಂಡು ನಿಂತಿದೀಯಾ?"

"ಸೊಂಟ ಹಿಡ್ಕೊಂಡಿದೆ ಕಣೇ. ತರೀಕೆರೆಗೆ ಡಾಕ್ಟ್ರ ಹತ್ರ ಬಂದಿದ್ದೆ, ಹಂಗೇ ಬಂದೆ" ಅಂದೆ.

ಸೊಂಟ ಎಂದ ಕೂಡಲೇ ಅವಳ ಮುಖ ಒಂದು ಗಳಿಗೆ ಬದಲಾಯಿತು. ಆಮೇಲೆ ಏನೂ ಕೇಳಿಸದವಳಂತೆ ಚೀಲ ತೆಗೆದುಕೊಂಡು ಒಳಗೆ ನಡೆದಳು. ಅವಳ ಗಂಡ ಈರುಳ್ಳಿ ಲೋಡಿನ ಜೊತೆ ದಾವಣಗೆರೆಗೆ ಹೋಗಿದ್ದ. ಸಂಜೆ ಅವರೆಕಾಳು ಬಿಡಿಸುತ್ತ ಇಬ್ಬರೂ ಪಡಸಾಲೆಯಲ್ಲಿ ಕೂತೆವು. ಅವಳ ಮಗಳ ಬಾಣಂತನ, ನನ್ನ ಮಗಳ ಓದು, ವನಜಳ ಸಕ್ಕರೆ ಕಾಯಿಲೆ ಎಲ್ಲ ಮಾತಾಡಿದೆವು. ಡಾಕ್ಟರಮ್ಮನ ಹಾಳೆ ತೋರಿಸಿದೆ. ಅದರಲ್ಲಿದ್ದ ಚಿತ್ರ ನೋಡಿ, "ಈ ವಯಸ್ಸಲ್ಲಿ ನೀನು ಹಿಂಗೆ ಕಾಲೆತ್ತಿ ಮಲಗ್ತೀಯಾ?" ಎಂದು ಬಿದ್ದು ಬಿದ್ದು ನಕ್ಕಳು. ಅವರೆಕಾಳು ಸಾರಿನಲ್ಲಿ ಬಿಸಿ ಮುದ್ದೆ ಉಂಡು, ಕೇಳಬೇಕಾದ್ದನ್ನು ಕೇಳದೆಯೇ ಮಲಗಿದೆ.

ಬೆಳಿಗ್ಗೆ ಎದ್ದು ಮುಖ ತೊಳೆಯುವಷ್ಟರಲ್ಲಿ ಸರೋಜ ಕಾಫಿ ತಂದಳು. ನಾನು ಎಂಥ ಕಾಫಿ ಹುಚ್ಚನೆಂದು ಅವಳಿಗೆ ಗೊತ್ತು. ದೊಡ್ಡ ಲೋಟದ ತುಂಬ ನೊರೆ ಬರಿಸಿ ತಂದಿದ್ದಳು.

"ಈಗ ಬೇಡ ಕಣೇ" ಅಂದೆ.

"ಯಾಕಣ್ಣ? ಕಾಫಿ ಬೇಡ ಅಂದಿದ್ದೇ ಇಲ್ವಲ್ಲ ನೀನು. ಮೈ ಹುಷಾರಿಲ್ವಾ?"

"ಹಸಿದ ಹೊಟ್ಟೇಲಿ ಇರ್ಬೇಕಲ್ಲ."

ಅವಳು ಲೋಟ ಹಿಡಿದುಕೊಂಡೇ ನಿಂತಳು. ಕಾಫಿಯ ಹಬೆ ಅವಳ ಮುಖದ ಮೇಲೆ ಹಾಯುತ್ತಿತ್ತು. ಕೊನೆಗೆ ಅದನ್ನು ಮೆಷಿನ್ನಿನ ಮೇಲಿಟ್ಟು, ಮೆಲ್ಲಗೆ, "ಈ ಊರಲ್ಲಿ ಯಾರಿಗೂ ಗೊತ್ತಿಲ್ಲ ಅಣ್ಣ. ನಮ್ಮನೇರಿಗೂ ಹೇಳಿಲ್ಲ" ಅಂದಳು.

ಗೋಡೆ ಹಿಡಿದು ಬಗ್ಗಿ, ಹೊಸ್ತಿಲ ಮುಂದೆ ಜಗುಲಿಯ ಮೇಲೆ ಕವುಚಿ ಮಲಗಿದೆ. ಮಲಗುವುದಕ್ಕೇ ಐದು ನಿಮಿಷ ಹಿಡಿಯಿತು. ಅವಳ ಮುಖ ಕಾಣದಿದ್ದುದರಿಂದ ಮಾತು ಸ್ವಲ್ಪ ಸುಲಭವಾಯಿತು. "ಅವತ್ತು ನಾನು ಅಂದಿದ್ದು ತಪ್ಪು ಕಣವ್ವ. ಆ ಮಾತು ನನ್ನ ಬಾಯಲ್ಲಿ ಬರ್ಬಾರ್ದಾಗಿತ್ತು. ಕೇಳ್ತಾ ಇದೀನಿ, ಕಾಲು ಹಾಕು" ಅಂದೆ.

ಆಮೇಲೆ ಅವಳು ನನ್ನ ತಲೆಯ ಹತ್ತಿರ ಹೊಸ್ತಿಲ ಮೇಲೆ ಕೂತ ಸದ್ದಾಯಿತು.

"ತಪ್ಪು ಅಂತ ಹೆಂಗ್ ಹೇಳ್ತೀಯಣ್ಣ? ನಾನು ಬಂದೆ, ಅಮ್ಮ ಹೋದ್ಲು. ನನ್ನ ಮಗಳು ಹುಟ್ಟೋವಾಗ್ಲೂ ಅದೇ ಯೋಚ್ನೆ, ಇದೂ ಕಾಲು ಮುಂದಾಗಿ ಬಂದು ನನ್ನ ಕರ್ಕೊಂಡ್ ಹೋಗುತ್ತೇನೋ ಅಂತ." ದನಿ ತಗ್ಗಿಸಿ ಕೇಳಿದಳು. "ಅಮ್ಮ ಹೆಂಗಿದ್ಲು? ನೀನು ನೋಡಿದೀಯಾ. ಅವತ್ತಿಂದ ನಿನ್ನ ಹತ್ರ ಕೇಳಕ್ಕೆ ನಂಗೆ ಬಾಯೇ ಬರ್ಲಿಲ್ಲ."

ನಾನು ಅವಳಿಂದ ಕಿತ್ತುಕೊಂಡದ್ದು ಬೆಲ್ಲದ ಚೂರನ್ನೋ ಊರವರ ಮರ್ಯಾದೆಯನ್ನೋ ಎಂದುಕೊಂಡಿದ್ದೆ. ಅಮ್ಮನ ಬಗ್ಗೆ ಒಂದು ಮಾತು ಕೇಳುವ ಹಕ್ಕನ್ನೇ ಕಿತ್ತುಕೊಂಡಿದ್ದೆನೆಂದು ಐವತ್ತೆರಡನೆಯ ವಯಸ್ಸಿನಲ್ಲಿ, ನೆಲಕ್ಕೆ ಗಲ್ಲ ಒತ್ತಿ ಮಲಗಿದ್ದಾಗ ತಿಳಿಯಿತು. ನನಗೆ ಗೊತ್ತಿದ್ದುದನ್ನೆಲ್ಲ ಹೇಳಿದೆ. ಅವಳು ಹುಟ್ಟಿದಾಗ ನನಗೆ ಆರು ವರ್ಷ. ಮಾರನೆಯ ದಿನ ಅಜ್ಜಿ ನನ್ನನ್ನು ಬಾಣಂತಿ ಕೋಣೆಯ ಬಾಗಿಲವರೆಗೆ ಬಿಟ್ಟಳು. ಅಮ್ಮ ಹಾಸಿಗೆಯಲ್ಲಿ ಕೂತಿದ್ದಳು. ಮಗುವಿನ ಕಾಲೆರಡನ್ನೂ ಬಟ್ಟೆಯಿಂದ ಹೊರಗೆ ತೆಗೆದು, ಅಂಗಾಲಿಗೆ ಮುತ್ತಿಟ್ಟು, ನನ್ನ ಕಡೆ ನೋಡಿ ನಕ್ಕು ಹೇಳಿದ್ದಳು. "ಎಲ್ಲಾರೂ ತಲೆ ತೂರಿಸ್ಕೊಂಡ್ ಬತ್ತಾರೆ. ನನ್ ಮಗಳು ನಡ್ಕೊಂಡೇ ಬಂದ್ಲು ನೋಡೋ." ಜ್ವರ ಬಂದದ್ದು ಅದಾದ ನಾಲ್ಕು ದಿನಕ್ಕೆ. ಅಮ್ಮ ಹೋದದ್ದು ಜ್ವರದಿಂದ. ಇಷ್ಟೂ ಗೊತ್ತಿದ್ದೇ ನಾನು ಆ ಮಾತು ಆಡಿದ್ದೆ, ಆಡಿದ ಮೇಲೆ ಇದನ್ನು ಹೇಳಲು ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡಿದ್ದೆ. ಅದನ್ನೂ ಹೇಳಿದೆ.

ಸರೋಜ ಜೋರಾಗಿ ಅತ್ತಳು. ಮದುವೆಯ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಏಳಲು ಹೋದರೆ ಸೊಂಟ ಬಿಡಲಿಲ್ಲ, ಮಲಗಿದಲ್ಲಿಂದಲೇ ಕೈ ಚಾಚಿ ಅವಳ ಪಾದ ಹಿಡಿದುಕೊಂಡೆ. "ಬಿಡಣ್ಣ, ದೊಡ್ಡೋನು ನೀನು, ಕಾಲು ಹಿಡೀಬಾರ್ದು" ಎಂದು ಬಿಡಿಸಿಕೊಂಡಳು. ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಪಕ್ಕಕ್ಕೆ ಬಂದು ನಿಂತಳು.

"ಇನ್ನೊಂದ್ಸಲ ಕೇಳು" ಅಂದಳು. ಕೇಳಿದೆ.

ಮೊದಲು ತಣ್ಣನೆಯ ಬೆರಳುಗಳು ತಾಕಿದವು. ಆಮೇಲೆ ಇಡೀ ಪಾದ, ಮೆಷಿನ್ ತುಳಿದು ತುಳಿದು ಒರಟಾದ ಪಾದ, ನೋಯುತ್ತಿದ್ದ ಜಾಗದ ಮೇಲೆಯೇ ಕೂತಿತು. ಎಲ್ಲಿ ನೋವೆಂದು ನಾನು ಹೇಳಿರಲಿಲ್ಲ. "ನೋಯ್ತದಾ ಅಣ್ಣ?" ಎಂದಳು. ಇಲ್ಲ ಅಂದೆ. ಕಣ್ಣೀರು ಜಗುಲಿಯ ಸಿಮೆಂಟಿನ ಮೇಲೆ ಬೀಳುತ್ತಿತ್ತು. ಮೂರನೆಯ ಸಲ ಪಾದ ಇಟ್ಟಾಗ ಎದುರು ಮನೆಯ ಹಾಲಮ್ಮ ಬಾಗಿಲಿಗೆ ನೀರು ಹಾಕಲು ಬಂದವಳು ಚೊಂಬು ಹಿಡಿದು ಬೀದಿಯಲ್ಲೇ ನಿಂತುಬಿಟ್ಟಳು.

"ಅಯ್ಯೋ, ಅಣ್ಣನ್ನೇ ತುಳೀತಿದೀಯಲ್ಲೇ ಸರೋಜಾ!"

"ಕೇಳ್ದ, ತುಳಿದೆ" ಅಂದಳು ಸರೋಜ.

ಆರಿದ ಕಾಫಿಯನ್ನು ಅವಳು ಮತ್ತೆ ಬಿಸಿ ಮಾಡಿ ಕೊಟ್ಟಳು. ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು, ಬೇಡವೆಂದರೂ ಕಟ್ಟಿಕೊಟ್ಟ ಎರಡು ಸೇರು ಅವರೆಕಾಳು ಹೊರಿಸಿಕೊಂಡು ರೈಲ್ವೆ ಸ್ಟೇಷನ್ನಿಗೆ ಹೊರಟೆ. ಚೀಲ ಹೊತ್ತವಳು ಸರೋಜ, ದಿಂಬು ಹಿಡಿದವಳು ಹಾಲಮ್ಮ. ಬೆಳಗಿನಿಂದ ಅವಳು ನಮ್ಮ ಬೆನ್ನು ಬಿಟ್ಟಿರಲಿಲ್ಲ. ಕಡೂರಿಗೆ ಪ್ಯಾಸೆಂಜರ್ ಟಿಕೆಟ್ ತೆಗೆದುಕೊಂಡೆ, ಬಸ್ಸಿನ ದುಡ್ಡಿನ ಅರ್ಧವೂ ಆಗಲಿಲ್ಲ. ನೋವು ಹೋಯಿತೇ ಎಂದು ಹಾಲಮ್ಮ ಕೇಳಿದಳು. ಪೂರ್ತಿ ಹೋಗಿರಲಿಲ್ಲ. ಆದರೆ ಸ್ಟೇಷನ್ನಿನ ಮೆಟ್ಟಿಲುಗಳನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದ್ದೆ, ಅದನ್ನೇ ಹೇಳಿದೆ.

ರೈಲು ಬಂತು. ಕಿಟಕಿಯ ಹತ್ತಿರ ಕೂತ ಮೇಲೆ ಹಾಲಮ್ಮನ ದನಿ ಕೇಳಿಸಿತು. "ಇಷ್ಟ್ ವರ್ಷ ಎದುರು ಮನೇಲಿದ್ದು ಒಂದ್ ಮಾತು ಹೇಳ್ಲಿಲ್ವಲ್ಲೇ ನೀನು. ಹೋದ ಸುಗ್ಗೀಲಿ ಹಿಡ್ಕೊಂಡ ಸೊಂಟ ಕಣೇ ನಂದು. ನಂಗೂ ಹಾಕ್ತೀಯಾ?"

ಸರೋಜ ತಟ್ಟನೆ ನನ್ನ ಕಡೆ ತಿರುಗಿ ನೋಡಿದಳು. ನಾನು ತಲೆಯಾಡಿಸಿದೆನೋ ಇಲ್ಲವೋ, ನನಗೇ ನೆನಪಿಲ್ಲ. ರೈಲು ಅಲುಗಾಡಿತು. ಅವಳು ನನ್ನ ಕಡೆಯಿಂದ ಮುಖ ತಿರುಗಿಸಿ, ಪ್ಲಾಟ್‌ಫಾರಂನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು.

"ಬಾರವ್ವ ನಾಳೆ ಬೆಳಿಗ್ಗೆ. ನಾನು ಕಾಲು ಮುಂದಾಗಿ ಹುಟ್ಟಿದೋಳು, ಹಾಕ್ತೀನಿ."