ಏಳು ಮನೆಯ ಹಿಡಿ ಹಿಟ್ಟು

ರವಿವಾರ ಬೆಳಿಗ್ಗೆ ಆರಕ್ಕೆ ನಿಪ್ಪಾಣಿಯಲ್ಲಿ ಚಿಕ್ಕೋಡಿ ಬಸ್ ಹತ್ತಿದೆ. ಆಧಾರ್ ಕಾರ್ಡ್ ತೋರಿಸಿ ಶೂನ್ಯ ದರದ ಟಿಕೆಟ್ ಪಡೆದೆ. ಅಥಣಿ ತಾಲೂಕಿನ ಅನಂತಪುರದಲ್ಲಿ ಏಳು ಮನೆಯವರು ಒಂದು ಅಂಗಳದಲ್ಲಿ ಕೂಡಿ ಆರಾಧನೆ ಮಾಡುತ್ತಾರೆ. ಅದನ್ನು ನಿಲ್ಲಿಸಿ ಅವರನ್ನು ಅಥಣಿಯ ಚರ್ಚಿಗೆ ಸೇರಿಸಬೇಕೇ ಎಂದು ನೋಡಿ ಬರಲು ನಮ್ಮ ಚರ್ಚ್ ಕಮಿಟಿಯವರು ಕಾರ್ಯದರ್ಶಿಯಾದ ನನ್ನನ್ನು ಕಳಿಸಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಸೇರಿಸಲೇಬೇಕು ಎಂಬ ವರದಿಯನ್ನು ಮನಸ್ಸಿನಲ್ಲಿ ಬರೆದು ಮುಗಿಸಿಯೇ ಹೊರಟಿದ್ದೆ. ನಮ್ಮ ಚರ್ಚಿನಲ್ಲಿ ಒಂಬತ್ತಕ್ಕೆ ಸರಿಯಾಗಿ ಬಾಗಿಲು ಹಾಕುವವಳೂ ನಾನೇ. ಆಸ್ಪತ್ರೆಯ ಪಾಳಿ ಮುಗಿಸಿ ತಡವಾಗಿ ಬರುವ ಮಾರ್ಥಾ ಪ್ರತಿವಾರ ವರಾಂಡದಲ್ಲೇ ನಿಲ್ಲುತ್ತಾಳೆ. ಶಿಸ್ತು ಅಂದರೆ ಶಿಸ್ತು.

ಚಿಕ್ಕೋಡಿಯಲ್ಲಿ ಸಕ್ಕರೆ ಹಾಕದ ಚಹಾ ಕುಡಿದು ಅಥಣಿ ಬಸ್ ಹಿಡಿದೆ. ಅಂಕಲಿ ದಾಟಿದ ಮೇಲೆ ಕೃಷ್ಣಾ ನದಿಯ ಮೇಲೆ ದಟ್ಟ ಮಂಜಿತ್ತು. ಕಾಗವಾಡದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡೆವು. ಅಥಣಿಯಿಂದ ಟಂಟಂ ಆಟೋದಲ್ಲಿ ಮುದುಡಿ ಕುಳಿತು ಅನಂತಪುರ ಮುಟ್ಟಿದಾಗ ಹತ್ತಾಗಿತ್ತು. ನನಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ತಿನ್ನದೆ ಆಗದು.

ಕರುಣವ್ವ ಅನ್ನುವವರ ಅಂಗಳದಲ್ಲಿ ಚಾಪೆ ಹಾಸಿದ್ದರು. ಹತ್ತಾದರೂ ಯಾರೂ ಆರಾಧನೆ ಶುರು ಮಾಡಲಿಲ್ಲ. ಮಣೆಯ ಮೇಲೆ ಬಿಳಿ ಬಟ್ಟೆ ಮುಚ್ಚಿದ ದಪ್ಪನೆಯ ಜೋಳದ ರೊಟ್ಟಿ ಕಂಡಿತು. ಅತಿಥಿಗೆ ನಾಷ್ಟಾ ಎಂದುಕೊಂಡು ಬಟ್ಟೆ ಸರಿಸಿ, ಅಂಚು ಮುರಿದು ಬಾಯಿಗೆ ಹಾಕಿಕೊಂಡೆ. ಎಲ್ಲರೂ ನನ್ನತ್ತ ತಿರುಗಿದರು.

"ಅಕ್ಕಾರ, ಅದು ಕರ್ತನ ಭೋಜನದ ರೊಟ್ಟಿರಿ," ಎಂದರು ಕರುಣವ್ವ ಮೆಲ್ಲಗೆ.

ಆರಾಧನೆಯಲ್ಲಿ ಎಲ್ಲರಿಗೂ ಹಂಚುವ ಆ ಪವಿತ್ರ ತುಣುಕಿಗೆ ನಮ್ಮಲ್ಲಿ ಉಗುರಗಲದ ಬಿಳಿ ಬಿಲ್ಲೆ ಬಳಸುತ್ತೇವೆ. ರೊಟ್ಟಿಯಾಗಿದ್ದೀತೆಂದು ನನಗೆ ಹೊಳೆಯಲೇ ಇಲ್ಲ. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. "ಇನ್ನೊಂದು ಬಡಿಯೋಣ್ರಿ," ಎಂದೆ.

"ಹಂಗ ಬರೂದಿಲ್ರಿ. ಏಳೂ ಮನಿ ಹಿಡಿ ಹಿಡಿ ಹಿಟ್ಟು ಕೂಡಿದ್ರನ ಅದು ಆಗೂದು. ಇದು ನಿನ್ನೆ ಸಂಜೀಕ ಕೂಡಿಸಿದ್ದು. ಈಗ ಮತ್ತ ಮನಿ ಮನಿಗೆ ಹೋಗಬೇಕು."

"ನಾನೇ ಹೋಗ್ತೀನಿ," ಎಂದು, ಅವರು ಒತ್ತಾಯಿಸಿ ಕೊಟ್ಟ ಆ ಮುರಿದ ರೊಟ್ಟಿಯಲ್ಲೇ ಅರ್ಧ ತಿಂದು, ಹಿಟ್ಟಿನ ಪರಾತ ಹಿಡಿದು ಹೊರಟೆ. ಪರಿಶೀಲನೆಗೆ ಬಂದ ಕಾರ್ಯದರ್ಶಿ ಹಿಟ್ಟು ಬೇಡುತ್ತ ಓಣಿ ಸುತ್ತಿದಳು. ಜೊತೆಗೆ ಬಂದ ಕರುಣವ್ವ ದಾರಿಯಲ್ಲಿ ನೇರವಾಗಿಯೇ ಕೇಳಿದರು:

"ನಮ್ದು ಬಂದ್ ಮಾಡಾಕ ಬಂದೀರೇನ್ರಿ?"

"ಅಥಣಿಯಲ್ಲಿ ಒಳ್ಳೆ ಕಟ್ಟಡ ಐತಲ್ರಿ," ಎಂದೆ.

"ಐತ್ರಿ. ಆದ್ರ ಅಲ್ಲಿ ಒಂಬತ್ತಕ್ಕ ಚಾಲೂ ಆಕ್ಕೈತಿ. ನಮ್ಮ ರತ್ನವ್ವ ನಸುಕಿನ್ಯಾಗ ಕಬ್ಬು ಕಡ್ಯಾಕ ಹೋಗಿರ್ತಾಳ. ಆಕಿನ ಬಿಟ್ಟು ನಾವು ರೊಟ್ಟಿ ಹೆಂಗ ಮುರಿಯೂದ್ರಿ?"

ಆರು ಮನೆಯ ಹಿಟ್ಟು ಬಂತು. ಏಳನೆಯದು ರತ್ನವ್ವನ ಮನೆ, ಬೀಗ ಹಾಕಿತ್ತು. ಅಂಗಳಕ್ಕೆ ಮರಳಿ ಎಲ್ಲರ ಜೊತೆ ಕಾಯುತ್ತ ಕುಳಿತೆ. ಮೊದಲ ಕಾಲದ ವಿಶ್ವಾಸಿಗಳೂ ಹೀಗೆ ಮನೆಗಳಲ್ಲೇ ಕೂಡುತ್ತಿದ್ದರು. ಒಂದು ಊರಿನಲ್ಲಿ ಉಳ್ಳವರು ಮೊದಲು ಬಂದು ಉಂಡು ಮುಗಿಸಿದರು; ದುಡಿದು ತಡವಾಗಿ ಬಂದವರು ಹಸಿದು ಕುಳಿತರು. ಒಬ್ಬರಿಗಾಗಿ ಒಬ್ಬರು ಕಾಯಬೇಕೆಂದು ಅಪೊಸ್ತಲರು ಅವರನ್ನು ಗದರಿಸಿ ಪತ್ರ ಬರೆಯಬೇಕಾಯಿತು. ಸಂಡೇ ಸ್ಕೂಲಿನಲ್ಲಿ ವರ್ಷಾನುಗಟ್ಟಲೆ ಈ ಪಾಠ ಹೇಳಿದವಳು ನಾನು. ಈ ಅಂಗಳಕ್ಕೆ ಬಂದು ಮೊದಲು ತಿಂದವಳೂ ನಾನೇ.

ಹನ್ನೊಂದೂವರೆಗೆ ರತ್ನವ್ವ ಬಂದಳು. ತೋಳಿನ ಮೇಲೆಲ್ಲ ಕಬ್ಬಿನ ಗರಿ ಗೀರಿದ ಗಾಯ. ವಿಷಯ ಕೇಳಿ ನಕ್ಕು, ಮನೆಗೆ ಓಡಿ ಹೋಗಿ ತನ್ನ ಹಿಡಿ ಹಿಟ್ಟು ತಂದು ಹಾಕಿದಳು. "ಅಕ್ಕಾರ ಹಿಡಿ ಎಲ್ಲೈತ್ರಿ?" ಎಂದು ಕೇಳಿದಳು. ನನ್ನ ಬಳಿ ಹಿಟ್ಟೆಲ್ಲಿ? ಕರುಣವ್ವ ತಮ್ಮ ಡಬ್ಬಿಯನ್ನೇ ಮುಂದೆ ಹಿಡಿದರು. ಹೀಗೆ ಎಂಟು ಹಿಡಿಯ ರೊಟ್ಟಿ ಬೆಂದಿತು. ಕರುಣವ್ವನ ಗಂಡ, ಸಭೆಯ ಹಿರಿಯ ಶಾಂತಪ್ಪ, ಪ್ರಾರ್ಥಿಸಿ ಅದನ್ನು ಮುರಿದು ಹಂಚಿದರು. ಬಿಸಿ ಆರಿರಲಿಲ್ಲ. ಅಷ್ಟು ಸಂತೋಷದಿಂದ ನಾನು ಆ ಭೋಜನ ತೆಗೆದುಕೊಂಡದ್ದೇ ಇಲ್ಲ.

ಮರಳುವಾಗ ಬಸ್ಸಿನಲ್ಲೇ ವರದಿ ಬರೆದೆ. ಅನಂತಪುರದ ಸಭೆಯನ್ನು ನಿಲ್ಲಿಸಕೂಡದು, ಕಲಿಯಬೇಕಾದವರು ನಾವು. ಕಮಿಟಿಯಲ್ಲಿ ಒಬ್ಬಿಬ್ಬರು ಹುಬ್ಬು ಗಂಟಿಕ್ಕಿದರು. ನಾನೇನೂ ಬಗ್ಗಲಿಲ್ಲ. ಕೊನೆಗೆ ಅವರನ್ನು ಅಥಣಿಗೆ ಸೇರಿಸುವ ಮಾತನ್ನು ಕಮಿಟಿ ಕೈಬಿಟ್ಟಿತು.

ಮುಂದಿನ ರವಿವಾರ ಒಂಬತ್ತು ಹೊಡೆಯಿತು. ನಾನು ಬಾಗಿಲು ಹಾಕಲಿಲ್ಲ. ಆರಾಧನೆ ನಡೆಸುವ ಸಭಾಪಾಲಕರಿಗೆ ಕೈಸನ್ನೆ ಮಾಡಿ ಕೂರಿಸಿದೆ. ಒಂಬತ್ತೂವರೆಗೆ ಮಾರ್ಥಾ ಬಂದಳು. ಬಾಗಿಲು ತೆರೆದೇ ಇತ್ತು. ಆದರೂ ಚಪ್ಪಲಿ ಬಿಟ್ಟು, ರೂಢಿಯಂತೆ ವರಾಂಡದ ಕಂಬಕ್ಕೆ ಒರಗಿ ನಿಂತಳು. ಹೋಗಿ ಅವಳ ಕೈ ಹಿಡಿದೆ.

"ಒಳಗ ಬಾ ಮಾರ್ಥಾ. ಇನ್ನೂ ಚಾಲೂ ಮಾಡಿಲ್ಲ."

"ಯಾಕ್ರೀ ಅಕ್ಕಾರ?"

"ನೀ ಬಂದಿರಲಿಲ್ಲಲ್ಲ."